ಪಕ್ಕದ ಸೀಟಿನ ನಾಲ್ಕನೆಯ ಬೋಲ್ಟು

ಮನೆಯಿಂದ,
ಮಾರ್ಚ್ ಹತ್ತು, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ದಿನವಿಡೀ ಕ್ರೇನಿನ ಕ್ಯಾಬಿನ್ನಿನಲ್ಲಿ ಬಗ್ಗಿ ಕೂತು ಕತ್ತು ನೋವು ಹೆಚ್ಚಾಗಿದೆ ಎಂದು ಕಳೆದ ಸಲ ನೀನು ಒಂದೇ ಸಾಲು ಬರೆದಿದ್ದೆ. ಡಾಕ್ಟರಿಗೆ ತೋರಿಸಿದೆಯೋ, ಇಲ್ಲ ನಿನ್ನ ಹಳೆಯ ಚಾಳಿಯಂತೆ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದೀಯೋ? ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿಯ ಆಪರೇಷನ್ ಆಗಿ ಐದು ವಾರವಾಯಿತು. ಊರುಗೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಮೂವತ್ತು ವರ್ಷ ಲೇತ್ ಮುಂದೆ ನಿಂತ ಕಾಲು ಇಷ್ಟಕ್ಕೆಲ್ಲ ಸೋಲುವುದಿಲ್ಲ ಎಂದು ವ್ಯಾಯಾಮ ಹೇಳಿಕೊಡುವವಳನ್ನೇ ದಬಾಯಿಸುತ್ತಾರೆ. ಅವಳೂ ಸಾಮಾನ್ಯದವಳಲ್ಲ, ಬಿಡು.

ಮುಂದಿನದನ್ನು ಬರೆಯಲೋ ಬೇಡವೋ ಎಂದು ನಿನ್ನೆ ಇಡೀ ದಿನ ಯೋಚಿಸಿದೆ. ವ್ಯಾನಿನ ಮಾತೆತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಎಂದಾದರೂ ಪೂರ್ತಿ ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ವ್ಯಾನಿನ ಮುಂದಿನ ಪಕ್ಕದ ಸೀಟನ್ನು ತೆಗೆದೆವು. ಅಮ್ಮ ಕೂತಿದ್ದ ಸೀಟು. ಚಿಕ್ಕಮ್ಮನ ಮನೆಯಿಂದ ಬರುವಾಗ ಅಮ್ಮನಿಗೆ ನಿದ್ದೆ ಬಂದಿದೆ ಎಂದುಕೊಂಡು, ರೇಡಿಯೋ ಸಣ್ಣಗೆ ಮಾಡಿ, ನೀನು ನಲವತ್ತು ಮೈಲಿ ಓಡಿಸಿಕೊಂಡು ಬಂದೆಯಲ್ಲ, ಅದೇ ಸೀಟು. ಅಂದಿನಿಂದ ಈ ಮೂರು ವರ್ಷ ಅಪ್ಪ ಒಮ್ಮೆಯೂ ಅದರಲ್ಲಿ ಕೂರಲಿಲ್ಲ. ಎಲ್ಲಿಗೆ ಹೋದರೂ ಹಿಂದೆ ಹತ್ತುತ್ತಿದ್ದರು. ಬಾಡಿಗೆ ಗಾಡಿ ಓಡಿಸುವವಳಂತೆ ಮುಂದೆ ನಾನೊಬ್ಬಳೇ. ಈಗ ಮಂಡಿ ಬಗ್ಗುವುದಿಲ್ಲ, ಹಿಂದಕ್ಕೆ ಹತ್ತಲಾಗುವುದಿಲ್ಲ, ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗದೆ ವಿಧಿಯಿಲ್ಲ. ಕೊನೆಗೆ ಅವರೇ, ಬೇರೆ ಸೀಟು ಹಾಕಿದರೆ ಕೂರುತ್ತೇನೆ ಎಂದರು. ಗುಜರಿಯವನ ಹತ್ತಿರ ಅದೇ ಮಾದರಿಯ ಬೂದುಬಣ್ಣದ ಸೀಟೊಂದನ್ನು ಹುಡುಕಿ ತಂದೆ.

ನಾಲ್ಕು ಬೋಲ್ಟು, ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ ಅಪ್ಪ ವ್ಯಾನಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಕೆ ಶುರುಮಾಡಿದರು. ಸೀಟಿನಡಿಯ ತಂತಿ ಕಳಚುವ ಮೊದಲು ಬ್ಯಾಟರಿ ತೆಗೆಯಬೇಕು ಎಂದರು; ತೆಗೆದು ಜಗಲಿಯ ಮೇಲಿಟ್ಟೆ. ಮೂರು ಬೋಲ್ಟು ಒಳ್ಳೆಯ ಮಕ್ಕಳಂತೆ ಬಂದವು. ಹಿಂದೆ ಬಾಗಿಲ ಕಡೆಗಿದ್ದ ನಾಲ್ಕನೆಯದರ ತಲೆಯ ಆರೂ ಮೂಲೆ ಸವೆದು ಗೋಲಿಯಂತಾಗಿತ್ತು. ಸ್ಪ್ಯಾನರ್ ಕಚ್ಚಿಕೊಳ್ಳದೆ ಜಾರುತ್ತಿತ್ತು. ಟಾರ್ಚ್ ಹಿಡಿದು ನೋಡಿದೆ. ಹಿಂದೆ ಯಾರೋ ತಿರುಗಿಸಲು ಹೋಗಿ ಆದ ಗೀರುಗಳು ಎರಡೂ ಕಡೆಗಿದ್ದವು ಅಣ್ಣಾ, ಬಿಚ್ಚುವ ಕಡೆಗೂ, ಬಿಗಿಯುವ ಕಡೆಗೂ. ಅಪ್ಪನಿಗೆ ಹೇಳಿದೆ. ಅವರು ಊರುಗೋಲಿನ ತುದಿಯಿಂದ ಮಣ್ಣು ಕೆರೆದರು.

ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಗಂಟೆ ಬಿಟ್ಟೆ. ಆಮೇಲೆ ಅಪ್ಪ ಹೇಳಿದಂತೆ, ಒಂದು ಅಳತೆ ಚಿಕ್ಕದಾದ ಸಾಕೆಟ್ ಸ್ಪ್ಯಾನರಿನ ಬಾಯನ್ನು ಸುತ್ತಿಗೆಯಿಂದ ಬಡಿದು ಆ ಗುಂಡು ತಲೆಗೆ ಕೂರಿಸಿ ಮೈಭಾರವನ್ನೆಲ್ಲ ಬಿಟ್ಟೆ. ಕಿರ್ರೆಂದು ಅರ್ಧ ಸುತ್ತು ಬಂತು. ಎಲ್ಲಿಗೆ ಬಂದಿದೆ ಎಂದು ತಿಳಿಯಲು ಬೋಲ್ಟಿನ ತಲೆಯ ಮೇಲೂ ಕೆಳಗಿನ ತಗಡಿನ ಮೇಲೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದು, ಬಾಗಿಲಿಗೆ ಬೀಗ ಹಾಕಿ ಊಟಕ್ಕೆ ಹೋದೆವು. ಕೀಲಿ ನನ್ನ ಜೇಬಿನಲ್ಲೇ ಇತ್ತು. ಬಂದು ನೋಡಿದರೆ ತಗಡಿನ ಗೆರೆ ಒಂದು ಕಡೆ, ತಲೆಯ ಗೆರೆ ನೇರ ಅದರ ಎದುರು ದಿಕ್ಕಿಗೆ. ಬೋಲ್ಟು ಅರ್ಧ ಸುತ್ತು ವಾಪಸು ಹೋಗಿ ಬಿಗಿದು ಕೂತಿತ್ತು.

ನಾನೇ ಏನೋ ಎಡವಟ್ಟು ಮಾಡಿರಬೇಕು ಎಂದು ಸಮಾಧಾನ ಹೇಳಿಕೊಂಡು ಮತ್ತೆ ತಿರುಗಿಸಿ, ಮತ್ತೆ ಗೆರೆ ಎಳೆದೆ. ಈ ಸಲ ಅಪ್ಪ ಅದರಿಂದ ಕಣ್ಣು ತೆಗೆಯಬೇಡ ಎಂದರು. ಎಣ್ಣೆ ಡಬ್ಬಿ ತೆಗೆದುಕೊಳ್ಳಲು ಒಂದು ಕ್ಷಣ ಕತ್ತು ತಿರುಗಿಸಿದ್ದಷ್ಟೇ. ಗೆರೆ ಸರಿದಿತ್ತು. ಆಗ ಅಪ್ಪ ಬಾಯಿ ಬಿಟ್ಟರು. ನೀನು ಮನೆ ಬಿಟ್ಟ ತಿಂಗಳು ಅವರೇ ಈ ಸೀಟು ತೆಗೆಯಲು ಹೋಗಿದ್ದರಂತೆ. ಇವತ್ತು ಸಡಿಲ ಮಾಡಿ ಬಂದರೆ ನಾಳೆ ಬಿಗಿ. ಮಗಳೇ ಬಿಗಿಯುತ್ತಿರಬೇಕು, ಅವಳಿಗೆ ಅದು ಇರಬೇಕು ಅನ್ನಿಸಿರಬಹುದು ಎಂದುಕೊಂಡು ಕೈಬಿಟ್ಟರಂತೆ.

"ನಾನು ಮುಟ್ಟೇ ಇಲ್ಲ ಅಪ್ಪಾ" ಎಂದೆ.

"ಈಗ ಗೊತ್ತಾಯ್ತು" ಎಂದರು.

ಅಂದಿಗೆ ಕೆಲಸ ಅಲ್ಲಿಗೇ ನಿಲ್ಲಿಸಿ ಸಾಮಾನು ಎತ್ತಿಟ್ಟೆ.

ಶನಿವಾರ ವೆಲ್ಡಿಂಗ್ ಮಾಮನನ್ನು ಕರೆದೆ. ಅವರ ದನಿ ನಿನಗೆ ಗೊತ್ತೇ ಇದೆ, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಗೆರೆಯ ವಿಷಯ ನಾನು ಎತ್ತಲಿಲ್ಲ. ಸುತ್ತ ಒದ್ದೆ ಗೋಣಿ ಹಾಸಿ, ಬೋಲ್ಟಿನ ತಲೆಯ ಮೇಲೆ ದೊಡ್ಡ ನಟ್ಟೊಂದನ್ನಿಟ್ಟು ಎರಡನ್ನೂ ಬೆಸೆದರು. ಅದು ಆರುವವರೆಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದವರು ಮೆಲ್ಲಗೆ ನನ್ನ ಕಡೆ ತಿರುಗಿ, "ಸೀಟು ಯಾಕಮ್ಮಾ ಹೀಗೆ ಕಿರುಗುಡ್ತಿದೆ, ಯಾರೋ ಮಗ್ಗುಲು ಬದಲಿಸಿದ ಹಾಗೆ?" ಎಂದು ಕೇಳಿದರು. ಆ ಮನುಷ್ಯ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊಸ ನಟ್ಟಿಗೆ ಸ್ಪ್ಯಾನರ್ ಹಾಕಿ ಇಬ್ಬರೂ ಸೇರಿ ಎಳೆದೆವು. ಜಗ್ಗಲಿಲ್ಲ. ಪೈಪು ಸಿಕ್ಕಿಸಿ ಹಿಡಿ ಉದ್ದ ಮಾಡಿದರು, ಆಗಲೂ ಇಲ್ಲ. ಕಾಯಿಸಿ ಬೆಸೆದ ಮೇಲೂ ಬರದ ಬೋಲ್ಟನ್ನು ತಾವು ಕಂಡಿಲ್ಲ ಎಂದು ಮಾಮ ಹಣೆ ಒರೆಸಿಕೊಂಡರು.

ಅಪ್ಪ ಕುರ್ಚಿಯಿಂದ ಎದ್ದರು. ಊರುಗೋಲು ಅಲ್ಲೇ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು ಬಂದು, ತಲೆ ಒರಗುವ ಜಾಗದಲ್ಲಿ ಅಂಗೈ ಇಟ್ಟರು. ಹಣೆ ಮುಟ್ಟಿ ಜ್ವರ ನೋಡುವಂತೆ.

"ಸಾಕು ಕಣೇ, ಬಿಡು. ನಾನೇ ಹೇಳ್ತೀನಿ ಅವನಿಗೆ" ಎಂದರು, ನನಗಲ್ಲ.

ವ್ಯಾನಿನೊಳಗೆ ಬೆಲ್ಟಿನ ಗಂಟೆ ಬಾರಿಸತೊಡಗಿತು. ಯಾರಾದರೂ ಕೂತು ಬೆಲ್ಟು ಹಾಕದಿದ್ದರೆ ಟಿಣ್ ಟಿಣ್ ಎನ್ನುತ್ತದಲ್ಲ, ಅದು. ನಾನು ಜಗಲಿಯ ಕಡೆ ನೋಡಿದೆ. ಬ್ಯಾಟರಿ ಅಲ್ಲೇ ಇತ್ತು. ಕೂತವರು ಎದ್ದಾಗ ನಿಲ್ಲುವಂತೆ ಗಂಟೆ ಥಟ್ಟನೆ ನಿಂತಿತು. ಮಾಮ ಸ್ಪ್ಯಾನರಿಗೆ ಕೈ ಹಾಕಿದರು. ಬೆಣ್ಣೆಯಿಂದ ಕೂದಲೆಳೆದಂತೆ ಬೋಲ್ಟು ಬಂತು. ಅವರು ಕೂಲಿಯನ್ನೂ ಕೇಳದೆ, ಹಿಂತಿರುಗಿ ನೋಡದೆ ಹೊರಟುಹೋದರು.

ಸೀಟಿನಡಿಯಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ನಿನ್ನೆ ಅಪ್ಪ ಬೋಲ್ಟಿನ ತೂತುಗಳನ್ನು, ಒಳಗಿನ ತಿರುಪಿನ ಗೆರೆ ಸರಿಮಾಡುವ ಟ್ಯಾಪ್ ಹಾಕಿ ಚೊಕ್ಕ ಮಾಡಿಸಿದರು. ಹೊಸ ಬೋಲ್ಟುಗಳನ್ನು ಮೊದಲು ಕೈಯಿಂದ ಹಿಡಿಸಿ, ಆಮೇಲೆ ಒಂದೊಂದಾಗಿ ಬಿಗಿದೆ. ಸಂಜೆ ಇಬ್ಬರೂ ವ್ಯಾನಿನಲ್ಲಿ ಸೇತುವೆಯವರೆಗೆ ಹೋಗಿ ಬಂದೆವು. ಅಪ್ಪ ಮುಂದೆ, ನನ್ನ ಪಕ್ಕದಲ್ಲೇ ಕೂತಿದ್ದರು.

ಕತ್ತನ್ನು ಅಸಡ್ಡೆ ಮಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಆಶೀರ್ವಾದ ಬರೆಯಲೇ ಎಂದು ಕೇಳಿದರೆ "ತಡಿ" ಎಂದರು. ಹಾಗಾಗಿ ಸದ್ಯಕ್ಕೆ ನನ್ನ ಪ್ರೀತಿ ಮಾತ್ರ.

ನಿನ್ನ ತಂಗಿ,
ಚಿಟ್ಟಿ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಅಪ್ಪ ಬಿಚ್ಚಿಸಿದರು. ಅವರು ಹೇಳಿದಂತೆ ಬರೆಯುತ್ತಿದ್ದೇನೆ. ಆ ದಿನ ಬೆಳಿಗ್ಗೆ ಹೊರಡುವ ಮೊದಲೇ ಅಮ್ಮ ಎದೆ ಹಿಡಿದಂತಾಗುತ್ತಿದೆ ಎಂದು ಅಪ್ಪನಿಗೆ ಹೇಳಿದ್ದಳಂತೆ. ಗ್ಯಾಸ್ ಇರಬೇಕು, ಹೋಗಿ ಬಾ, ಹುಡುಗನಿಗೆ ಹೇಳಿ ಗಾಬರಿ ಮಾಡಬೇಡ ಎಂದು ಕಳಿಸಿದವರು ಅಪ್ಪ. ಪಕ್ಕದಲ್ಲಿ ಕೂತ ತಾಯಿ ಸಾಯುತ್ತಿದ್ದದ್ದು ಗೊತ್ತಾಗಲಿಲ್ಲವಾ ಎಂದು ಎಲ್ಲರೆದುರು ನಿನ್ನನ್ನು ಕೇಳಿದವರೂ ಅವರೇ. "ಗೊತ್ತಿದ್ದವನು ನಾನು, ಅವನಲ್ಲ ಅಂತ ಬರಿ" ಎಂದು ಗೋಡೆ ಕಡೆ ಮುಖ ಮಾಡಿ ಕೂತಿದ್ದಾರೆ. ಕೆಳಗೆ ಗೀಚಿದಂತಿರುವುದು ಅವರ ಸಹಿ. ಬಾ ಅಣ್ಣಾ.