ಬೀಗ ಹಾಕಿದ ಕೋಣೆಯ ಅಳು

ನವೆಂಬರ್ ೧೬, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕನ್ನಡ ಬಳಗದಲ್ಲಿ ಇವತ್ತು ನನ್ನ ಪತ್ತೇದಾರಿ ಕಥೆ ಓದಿದೆ. ಸರೋವರದ ದಡದ ಹಳೆಯ ಬಂಗಲೆ, ಅದರ ಮಹಡಿಯ ಬೀಗ ಹಾಕಿದ ಕೋಣೆಯಿಂದ ಕೇಳಿಸುವ ಹೆಂಗಸಿನ ಅಳು. ಬಳಗದ ಸಂಚಿಕೆಯ ಸಂಪಾದಕರಾದ ರಾಜಶೇಖರ ಸರ್ ಅರ್ಧದಲ್ಲೇ ತಡೆದು ನಕ್ಕುಬಿಟ್ಟರು.

"ಡಿಟೆಕ್ಟಿವ್ ಸ್ಟೋರೀಲಿ ದೆವ್ವ ಯಾಕ್ರೀ ಸೆಲೀನ್? ಲಾಜಿಕ್ ಸಾಕು. ಆ ಅಳೋದನ್ನ ತೆಗೀರಿ, ಪ್ರಿಂಟ್ ಮಾಡೋಣ."

"ತೆಗೆಯಲ್ಲ ಸರ್. ಹಾಗಿದ್ರೆ ಕಥೇನೇ ವಾಪಸ್ ಕೊಡಿ."

ಹಾಳೆಗಳನ್ನು ಎತ್ತಿಕೊಂಡು ಬಂದೆ. ನನ್ನ ಕಥೆಯಲ್ಲಿ ಗಂಡನೇ ಹೆಂಡತಿಯನ್ನು ಕೂಡಿಹಾಕಿ, ಅದು ದೆವ್ವ ಎಂದು ಊರಿಗೆಲ್ಲ ಹಬ್ಬಿಸಿದ್ದಾನೆ. ಹೆದರಿ ಯಾರೂ ಮಹಡಿ ಹತ್ತುವುದಿಲ್ಲ. ಅವನಿಗೆ ಬೇಕಾದದ್ದೂ ಅದೇ. ಆ ಹೆದರಿಕೆಯನ್ನೇ ತೆಗೆದರೆ ಪತ್ತೇದಾರನಿಗೆ ಉಳಿಯುವ ಕೆಲಸವೇನು?

ವಾಪಸ್ ಬರುವಾಗ ಮೆಟ್ರೊದಲ್ಲಿ ಬಳಗದ ಗೆಳತಿ ಮಾಲತಿ ಪಕ್ಕ ಬಂದು ಕೂತಳು.

"ಅವರನ್ನ ಬಿಡು. ಆಮೇಲೆ ಏನಾಯ್ತು, ಹೇಳೇ."

ಹೇಳಿದೆ. ಪತ್ತೇದಾರ ಮೆಟ್ಟಿಲು ಹತ್ತುವಾಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಇಳಿಯಬೇಕಾದ ಕಿಸ್ಟಾ ನಿಲ್ದಾಣ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಅಚ್ಚಾಗದಿದ್ದರೆ ಬೇಡ. ಅಳು ಇರುತ್ತದೆ. ನಾಳೆ ಅದನ್ನು ಇನ್ನೂ ಜೋರು ಮಾಡುತ್ತೇನೆ, ಮೊದಲ ಪುಟದಿಂದಲೇ. ಕಣ್ಣು ಎಳೆಯುತ್ತಿದೆ…