ಮೂರು ಹೆಜ್ಜೆ ಮುಂದೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಇನ್ನೂರ ನಲವತ್ತು ಬಾಲ್. ಅರ್ಧಕ್ಕರ್ಧ ಗುಬ್ಬಿಗೇ, ನಾನು ತಂಗಿ ಅನ್ನುವ ಬ್ಯಾಟರ್‌ಗೆ. ಬೇರೆ ಹುಡುಗಿಯರು ಪ್ಯಾಡ್ ಬಿಚ್ಚಿ ಹೋದರೂ ಇವಳು ಕದಲುವುದಿಲ್ಲ. ಇನ್ನೊಂದು ಆರು ಅನ್ನುತ್ತಾಳೆ, ಆ ಆರು ಯಾವತ್ತೂ ಮೂವತ್ತಕ್ಕೆ ಕಡಿಮೆ ಆಗಿದ್ದಿಲ್ಲ. ಹನ್ನೊಂದು ವರ್ಷದಿಂದ ನನಗೆ ಇದೇ ಕೆಲಸ. ನೆಟ್ಸ್‌ನಲ್ಲಿ ಸೈಡ್‌ಆರ್ಮ್ ಹಿಡಿದು ಎಸೆಯುವುದು — ಉದ್ದ ಹಿಡಿಯ ಸೌಟಿನಂಥ ಕೋಲು, ತುದಿಯಲ್ಲಿ ಬಾಲ್. ಬೌಲರ್ ಅಲ್ಲ, ಕೋಚ್ ಅಲ್ಲ. ಟೀಮ್ ಫೋಟೋದ ಅಂಚಿನಲ್ಲಿ ಅರ್ಧ ಭುಜ ಕಟ್ ಆಗುವ ಮನುಷ್ಯ.

ಮೊಣಕೈ ಒಳಗಡೆ ಮತ್ತೆ ಚುಚ್ಚುತ್ತಿದೆ. ಗುಂಡಿ ಹಾಕುವಾಗ ಕಿರುಬೆರಳು ಜೋಮು. 28ಕ್ಕೆ ಗುಬ್ಬಿಯ ಸೆಲೆಕ್ಷನ್ ಮ್ಯಾಚ್. ವಯಸ್ಸು ಇಪ್ಪತ್ತೇಳು, ಮೂರು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದವಳು. ಇದೇ ಕೊನೆ. ಅಲ್ಲಿವರೆಗೆ ಈ ಕೈ ಬಾಳಿದರೆ ಸಾಕು.

ಮಾರ್ಚ್ 5, ಬುಧವಾರ

ಫಿಸಿಯೋ ಮೇಡಂ ಮೊಣಕೈ ಒಳಗಿನ ಮೂಳೆ ಒತ್ತಿದರು. ಜೀವ ಬಾಯಿಗೆ ಬಂತು. ಹೊರಗಡೆ ನೋವಾದರೆ ಟೆನಿಸ್ ಎಲ್ಬೋ, ಒಳಗಡೆ ಆದರೆ ಗಾಲ್ಫರ್ಸ್ ಎಲ್ಬೋ ಅಂತೆ. ಗಾಲ್ಫ್ ಮೈದಾನದ ಗೇಟೂ ದಾಟಿದವನಲ್ಲ, ಕಾಯಿಲೆ ಮಾತ್ರ ಶ್ರೀಮಂತರದು! ಹೇಳಿದೆ. ಮೇಡಂ ನಗಲಿಲ್ಲ. ಲಿಗಮೆಂಟೂ ಸಡಿಲವಾಗಿದೆ, ಬೆರಳು ಜೋಮು ಹಿಡಿಯುವುದು ಒಳ್ಳೆಯ ಲಕ್ಷಣ ಅಲ್ಲ ಅಂದರು. ಆರು ವಾರ ಎಸೆಯಬಾರದು. ಐಸ್, ಪಟ್ಟಿ, ಆಮೇಲೆ ಅರ್ಧ ಕೆಜಿ ಡಂಬೆಲ್ ನಿಧಾನಕ್ಕೆ ಇಳಿಸುವ ವ್ಯಾಯಾಮ. ಕೋಚ್‌ಗೆ ನಾನೇ ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದೆ.

ಹೇಳಲಿಲ್ಲ. ಆರು ವಾರ ಅಂದರೆ ಏಪ್ರಿಲ್ ಅರ್ಧ. ಅಷ್ಟರಲ್ಲಿ ಬೇರೆ ಯಾರೋ ಕೋಲು ಹಿಡಿದು ನಿಂತಿರುತ್ತಾನೆ, ನನ್ನನ್ನು ಯಾರು ನೆನೆಸುತ್ತಾರೆ?

ಮಾರ್ಚ್ 10, ಸೋಮವಾರ

ಮೇಡಂಗೆ ಪರಿಚಯ ಇಲ್ಲದ ಡಾಕ್ಟರ್ ಹತ್ತಿರ ಹೋಗಿ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡು ವಾರ ಕೈಗೆ ಕೆಲಸ ಕೊಡಬೇಡಿ ಅಂದರು. ಏನು ಕೆಲಸ ಅಂತ ಕೇಳಿದರು. ಆಫೀಸು ಅಂದೆ.

ಮಾರ್ಚ್ 14, ಶುಕ್ರವಾರ

ನೋವಿಲ್ಲ. ವೇಗವೂ ಇಲ್ಲ. ಹತ್ತು ಬಾಲ್ ಆದ ಮೇಲೆ ಗುಬ್ಬಿ ಬ್ಯಾಟ್ ಕೆಳಗಿಟ್ಟಳು.

'ಅಣ್ಣ, ಇವತ್ತು ಬಾಲ್ ಬರ್ತಾನೇ ಇಲ್ಲ.'

ಬಾಲ್ ಹಳೆಯದು ಅಂದೆ. ಓಡಿಹೋಗಿ ಹೊಸದು ತಂದಳು, ಕಳ್ಳಿ. ಆಗ ಹೊಳೆಯಿತು ಈ ದರಿದ್ರ ಬುದ್ಧಿ. ಅವಳು ಹೆಲ್ಮೆಟ್ ಸರಿಮಾಡಿಕೊಳ್ಳುವಾಗ ಎಸೆಯುವ ಗೆರೆ ಬಿಟ್ಟು ಒಂದು ಹೆಜ್ಜೆ ಮುಂದೆ ನಿಂತೆ. ಹತ್ತಿರದಿಂದ ಎಸೆದರೆ ಬೇಗ ತಲುಪುತ್ತದೆ, ಜೋರಾಗಿ ಬಂದಂತೆಯೇ ಅನ್ನಿಸುತ್ತದೆ. ಹಾಂ, ಈಗ ಬಂತು ಅಂದಳು. ಖುಷಿಯಾಗಿಬಿಟ್ಟಿತು ನನಗೆ. ನಾಚಿಕೆ ಇಲ್ಲದ ಖುಷಿ.

ಮಾರ್ಚ್ 19, ಬುಧವಾರ

ಈಗ ಮೂರು ಹೆಜ್ಜೆ. ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಬ್ಯಾಟ್ ಮೇಲೆ. ಗುಬ್ಬಿ ಎಲ್ಲವನ್ನೂ ನಡುಬ್ಯಾಟಿನಲ್ಲೇ ಹೊಡೆಯುತ್ತಿದ್ದಾಳೆ. ಇಷ್ಟು ಚೆನ್ನಾಗಿ ಇವಳು ಆಡಿದ್ದೇ ಇಲ್ಲ ಅಂತ ಕೋಚ್ ಹಿಗ್ಗಿ ಹೀರೇಕಾಯಿ ಆಗಿದ್ದಾರೆ. ನನಗೆ ಗೊತ್ತು. ನನ್ನ ಬಾಲ್ ನೆಲಕ್ಕೆ ಬಿದ್ದ ಮೇಲೆ ಸತ್ತಂತೆ ಏಳುತ್ತದೆ. ಸೊಂಟದ ಮೇಲೆ ಬರುವುದೇ ಇಲ್ಲ. ಅವಳು ಅದಕ್ಕೇ ಒಗ್ಗಿಹೋಗಿ, ಧೈರ್ಯವಾಗಿ ಮುಂದೆ ಬಂದು ಆಡುತ್ತಿದ್ದಾಳೆ. ಮ್ಯಾಚ್‌ನಲ್ಲಿ ನಿಜವಾದ ಬೌಲರ್ ಇರುತ್ತಾಳೆ...

ಮನೆಯಲ್ಲಿ ಟವೆಲ್ ಹಿಂಡಲಾಗದೆ ಸಿಕ್ಕಿಬಿದ್ದೆ. ಹೆಂಡತಿಗೆ ಎಲ್ಲ ಹೇಳಿದೆ.

'ತಂಗಿ ತಂಗಿ ಅಂತೀರಿ. ಅವಳಿಗೆ ಸುಳ್ಳು ಬಾಲ್ ಹಾಕ್ತೀರಲ್ರೀ.'

ಕ್ರಿಕೆಟ್ ಬಗ್ಗೆ ನಿನಗೇನು ಗೊತ್ತು ಅಂತ ರೇಗಿದೆ. ಊಟಕ್ಕೆ ಕೂರಲಿಲ್ಲ. ಅವಳು ಹೇಳಿದ್ದು ನಿಜ, ಅದಕ್ಕೇ ಅಷ್ಟು ಸಿಟ್ಟು.

ಮಾರ್ಚ್ 20, ಗುರುವಾರ

ಹೇಳಿಬಿಡೋಣ ಅಂತ ಕೋಚ್ ರೂಮಿಗೆ ಹೋದೆ. ಗುಬ್ಬಿಯ ಹೆಸರು ಮೊದಲಿಗೆ ಹಾಕಿ ಸೆಲೆಕ್ಷನ್ ಮ್ಯಾಚ್‌ಗೆ ಕಳಿಸುವವರ ಲಿಸ್ಟ್ ಬರೆಯುತ್ತಿದ್ದರು. ಕೂತ್ಕೋ, ಇದೆಲ್ಲ ನಿನ್ನ ಪುಣ್ಯ ಅಂದರು. ನೆಟ್ ಹರಿದಿದೆ, ಹೊಲಿಸಬೇಕು ಅಂತ ಹೇಳಿ ಎದ್ದು ಬಂದೆ.

ಮಾರ್ಚ್ 26, ಬುಧವಾರ

ಎಡಗೈಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು.

ಇವತ್ತು ಹಟಕ್ಕೆ ಬಿದ್ದು ಗೆರೆಗೆ ವಾಪಸ್ ಹೋದೆ. ಎರಡು ದಿನವಾದರೂ ಸರಿಯಾದ ಬಾಲ್ ಹಾಕೋಣ ಅಂತ. ಒಂಬತ್ತನೆಯದಕ್ಕೆ ಒಳಗೆ ಟಪ್ ಅಂತು. ಕೋಲು ಎಲ್ಲೋ ಹಾರಿತು. ಪ್ಯಾಡ್ ಸಮೇತ ಓಡಿಬಂದವಳು ಗುಬ್ಬಿಯೇ, ಐಸ್ ಇಟ್ಟವಳೂ ಅವಳೇ. ಸ್ಕ್ಯಾನ್‌ನಲ್ಲಿ ಲಿಗಮೆಂಟ್ ಪೂರ್ತಿ ಹರಿದಿದೆ. ಇಂಜೆಕ್ಷನ್ ವಿಷಯ ತಿಳಿದು ಮೇಡಂ ಬೈಯಲೂ ಇಲ್ಲ. ಕೋಚ್‌ಗೆ, ಗುಬ್ಬಿಗೆ — ಇದ್ದಕ್ಕಿದ್ದಂತೆ ಆಯಿತು ಅಂದೆ.

ಮಾರ್ಚ್ 28, ಶುಕ್ರವಾರ

ಕೈ ಕೊರಳಿಗೆ ಕಟ್ಟಿಕೊಂಡು ಹೋಗಿ ನೋಡಿದೆ. ಏಳು ಬಾಲ್. ಒಂದು ರನ್. ಮೊದಲನೆಯ ಬಾಲ್‌ಗೇ ಗೊತ್ತಾಯಿತು. ಮುಂದೆ ಬಂದಳು, ಬಾಲ್ ಎದೆಯೆತ್ತರಕ್ಕೆ ಎದ್ದು ಬಂತು, ಬ್ಯಾಟ್ ಇನ್ನೂ ಎಲ್ಲೋ ಇತ್ತು. ನಾಲ್ಕನೆಯದು ಭುಜಕ್ಕೆ. ಏಳನೆಯದಕ್ಕೆ ಸ್ಟಂಪ್ ಹೋಯಿತು. ಟೆನ್ಶನ್ ಮಾಡಿಕೊಂಡಳು ಅಂದರು ಕೋಚ್. ಹೌದು ಸರ್ ಅಂದೆ.

ಆಯ್ಕೆಯಾದವರ ಲಿಸ್ಟ್‌ನಲ್ಲಿ ಹೆಸರಿಲ್ಲ.

ಮೇ 12, ಸೋಮವಾರ

ಇನ್ನು ಎಸೆಯುವ ಮಾತೇ ಇಲ್ಲ. ಆಪರೇಷನ್ ಇಪ್ಪತ್ತರ ಹುಡುಗರಿಗೆ, ನಿಮಗೆ ದಿನದ ಕೆಲಸ ನಡೆದರೆ ಸಾಕು ಅಂದಿದ್ದಾರೆ ಡಾಕ್ಟರ್. ಎರಡು ಬೆರಳಿಗೆ ಇನ್ನೂ ಸ್ಪರ್ಶವಿಲ್ಲ. ಸ್ಟೋರ್ ರೂಮಿನಲ್ಲಿ ಕೂರಿಸಿದ್ದಾರೆ — ಹೆಲ್ಮೆಟ್ ಕೊಡುವುದು, ಹೆಲ್ಮೆಟ್ ತಗೊಳ್ಳುವುದು.

ಸಂಜೆ ಗುಬ್ಬಿ ಮನೆಗೆ ಬಂದಳು. ಸೊರಗಿದ್ದಾಳೆ. ನನ್ನ ಕೈ ಹಾಳಾಗಿದ್ದು ಅವಳಿಂದಲೇ, ಅಷ್ಟೊಂದು ಎಸೆಸಬಾರದಿತ್ತು ಅಂತ ಅತ್ತಳು. ಛೆ ಛೆ ಅಂದೆ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

'ಮ್ಯಾಚ್‌ನಲ್ಲಿ ಬಾಲ್ ಕಾಣ್ಲೇ ಇಲ್ವಲ್ಲ, ಕಣ್ಣು ಟೆಸ್ಟ್ ಮಾಡಿಸ್ದೆ ಅಣ್ಣ. ಕಣ್ಣೆಲ್ಲ ಸರಿಯಾಗಿದೆಯಂತೆ. ಅಂದ್ರೆ ನನಗೇ ಬರಲ್ಲ ಅಂತಾಯ್ತಲ್ಲ.'

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಾಫಿ ತಣ್ಣಗಾಗುತ್ತೆ, ಕುಡಿ ಅಂದೆ ಗುಬ್ಬಿಗೆ. ಎಂಥ ಹೇಡಿ ನಾನು.

ಮೇ 14, ಬುಧವಾರ, ಬೆಳಿಗ್ಗೆ 6

ನಿನ್ನೆ ಫೋನ್ ಮಾಡಿದೆ, ಹೇಳಲೇಬೇಕು ಅಂತ. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು — ಆಟ ಬಿಡುವ ಪತ್ರ ಕೊಟ್ಟಾಯಿತಂತೆ. ಹಗುರಾಗಿದೆಯಂತೆ. ಕೈ ಹುಷಾರು ಅಂತ ಇಟ್ಟುಬಿಟ್ಟಳು.

ಬಾಯಲ್ಲಿ ಆಗುವುದಿಲ್ಲ. ಬರೆದು ಕೊಡುತ್ತೇನೆ. ಇಲ್ಲೇ ಒಂದು ಸಲ ಬರೆದು ನೋಡಿ, ಆಮೇಲೆ ಒಳ್ಳೆಯ ಹಾಳೆಗೆ.

ಗುಬ್ಬಿ, ನಿನ್ನ ಕಣ್ಣಿಗೂ ಏನಾಗಿಲ್ಲ, ಆಟಕ್ಕೂ ಏನಾಗಿರಲಿಲ್ಲ. ಮಾರ್ಚ್ ಹದಿನಾಲ್ಕರಿಂದ ನಾನು —