‘ರಿಕನ್ಸೈಲ್’ ಪದಕ್ಕೊಂದು ಉದಾಹರಣೆ

ಬುಧವಾರ ಬೆಳಿಗ್ಗೆ

ನಿಘಂಟು ಸಂಪಾದಕ ಮಹಾಶಯರಿಗೆ,

ಹಿಂದೆಲ್ಲ ಪತ್ರದ ತಲೆಗೆ ‘ಪ್ರೀತಿಯ’ ಎಂದು ಬರೆಯುತ್ತಿದ್ದೆ. ಈ ಸಲ ಪೆನ್ನು ಮುಂದೆ ಹೋಗಲಿಲ್ಲ.

ನೀವು ಕಳಿಸಿದ ಕರಡು ಪುಟ ತಲುಪಿದೆ. ಹೆಂಡತಿ ಮನೆ ಬಿಟ್ಟು ವರ್ಷವಾದರೂ ಕರಡು ತಿದ್ದಲು ಅವಳೇ ಬೇಕು, ನೋಡಿ. ‘ರಿಕನ್ಸೈಲ್’ ಪದಕ್ಕೆ ಭಾರೀ ವಿವರಣೆ ಬರೆದಿದ್ದೀರಿ. ‘ರಿ’ ಎಂದರೆ ಮತ್ತೆ. ಉಳಿದದ್ದು ಲ್ಯಾಟಿನ್ನಿನಲ್ಲಿ ಒಂದುಗೂಡಿಸು ಎಂದು. ಅದರ ಬೇರು ‘ಸಭೆ’ ಎಂಬ ಪದ. ಅಂದರೆ ಎದ್ದುಹೋದವರನ್ನು ಮತ್ತೆ ಕೂಡಿಸುವುದು. ಕೆಳಗೆ ಉದಾಹರಣೆ: ‘ಸಿಟ್ಟಿನ ಹೆಂಡತಿ ಕೊನೆಗೂ ಗಂಡನೊಂದಿಗೆ ರಾಜಿಯಾದಳು.’ ಈ ವಾಕ್ಯವನ್ನು ನಾನು ತಿದ್ದದೆ ವಾಪಸು ಕಳಿಸಿದರೆ ಶುಕ್ರವಾರ ಕರೆದೊಯ್ಯಲು ಬರುತ್ತೀರೆಂದು ಅಂಚಿನಲ್ಲಿ ಪೆನ್ಸಿಲ್ ಗೀಚು ಬೇರೆ. ಎಂಥ ರಸಿಕರಪ್ಪ ನೀವು.

ಸಭೆ ಎಂದಿರಲ್ಲ, ನಮ್ಮ ಕಚೇರಿಯ ಸಭೆ ನೆನಪಿದೆಯೇ? ಪ್ರತಿ ಪದಕ್ಕೂ ಉದಾಹರಣೆ ಬರೆದು ಎಲ್ಲರೆದುರು ಓದುವುದು ಅಲ್ಲಿಯ ಪದ್ಧತಿ. ನಿಮ್ಮ ವಾಕ್ಯಗಳೆಲ್ಲ ನಮ್ಮ ಅಡುಗೆಮನೆಯಿಂದಲೇ ಬರುತ್ತಿದ್ದವು. ನಾನು ಹಾಲು ಉಕ್ಕಿಸಿದ್ದು, ಬೀಗದ ಕೈ ಮರೆತದ್ದು, ಎಲ್ಲವೂ. ಜನ ನಗುತ್ತಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ಅಮ್ಮ ತೀರಿಕೊಂಡ ವಾರ ‘ಲಮೆಂಟ್’, ಅಂದರೆ ಗೋಳಾಡು, ಎಂಬ ಪದಕ್ಕೆ ನೀವು ಓದಿದ್ದು: ‘ಅವಳು ಅಮ್ಮ, ಅಮ್ಮ ಎಂದು ಹೇಳಿದ್ದನ್ನೇ ಹೇಳಿಕೊಂಡು ಅತ್ತಳು.’ ಆವತ್ತು ಒಬ್ಬರೂ ನಗಲಿಲ್ಲ. ಉದಾಹರಣೆ ಸರಿಯಾಗಿದೆಯಲ್ಲ ಎಂದು ನೀವು ನನ್ನನ್ನೇ ಕೇಳಿದಿರಿ. ಅಂದು ಸಂಜೆಯೇ ನಾನು ತಮ್ಮನ ಮನೆಗೆ ಬಂದೆ.

ಊರಿಗೆಲ್ಲ ಅರ್ಥ ಹೇಳುವ ನಿಮಗೆ ಅದೊಂದು ಇವತ್ತಿಗೂ ಅರ್ಥವಾಗಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ನೀವು, ‘ತಪ್ಪಾಯಿತು’ ಎಂಬ ಒಂದು ಪದವನ್ನು ಹೇಗೆ ತಾನೇ ಖರ್ಚು ಮಾಡೀರಿ? ಅದಕ್ಕೇ ಲ್ಯಾಟಿನ್ನನ್ನು ಸಂಧಾನಕ್ಕೆ ಕಳಿಸಿದ್ದೀರಿ. ಭಾವ ಕ್ಷಮೆ ಕೇಳೋಕೂ ಡಿಕ್ಷನರಿ ನೋಡ್ತಾರಾ ಅಕ್ಕಾ ಎಂದು ತಮ್ಮ ಕೇಳಿದ. ‘ಸಾರಿ’ ಇರೋದು ಮುಂದಿನ ಸಂಪುಟದಲ್ಲಿ ಕಣೋ, ಅವರಿನ್ನೂ ಅಲ್ಲಿಗೆ ಬಂದಿಲ್ಲ ಎಂದೆ.

ವಿವರಣೆಯಲ್ಲಿ ತಪ್ಪಿಲ್ಲ. ಉದಾಹರಣೆಯನ್ನು ಹೊಡೆದುಹಾಕಿದ್ದೇನೆ. ಶುಕ್ರವಾರ ಬರಬೇಡಿ.

ಇಂತಿ,
ನಿಮ್ಮ ಕರಡು ತಿದ್ದುವವಳು

ವಿ.ಸೂ.: ಉದಾಹರಣೆಯ ಜಾಗ ಖಾಲಿ ಬಿಡಬಾರದಲ್ಲ, ನನ್ನದೊಂದು ಬರೆದಿದ್ದೇನೆ: ‘ಒಂಟಿತನದೊಂದಿಗೆ ಅವಳಿನ್ನೂ ರಾಜಿಯಾಗಿಲ್ಲ, ಆದರೂ ಹಿಂದಿರುಗಲಿಲ್ಲ.’ ಸಭೆಯಲ್ಲಿ ಇದನ್ನು ನೀವೇ ಓದಬೇಕು.